ಕಮಲಾಕ್ಷಿಯ ಎಡಗೈ

ಮೊದಲ ಸಲ ನೋಡಿದಾಗ ಹಚ್ಚೆ ಅಂದುಕೊಂಡೆ. ಎಡಗೈಯ ಮಣಿಕಟ್ಟಿನಿಂದ ಮೊಣಕೈವರೆಗೆ, ಒಳಭಾಗದಲ್ಲಿ, ಬಾಲ್‌ಪೆನ್ನಿನಿಂದ ಎಳೆದ ಚಿಕ್ಕ ಚಿಕ್ಕ ಮನೆಗಳು. ಒಂದೊಂದು ಮನೆಯಲ್ಲೂ ಎರಡೆರಡು ಅಂಕಿ. ಆಕೆ ಬಾಡಿಗೆ ಮನೆಯ ಬೀಗದ ಕೈ ಕೊಡಲು ಕೈ ಚಾಚಿದ್ದಳು. ನಾನು ಬೀಗದ ಕೈ ಬಿಟ್ಟು ಆ ಕೈಯನ್ನೇ ನೋಡುತ್ತಾ ನಿಂತಿದ್ದೆ.

“ಇದೇನ್ರೀ, ಕೈ ಮೇಲೆ ಚೌಕಾಬಾರ ಬರ್ಕೊಂಡಿದೀರಿ?” ಅಂದೆ.

“ನನ್ ನೌಕ್ರಿ ಇದು,” ಅಂದಳು ಕಮಲಾಕ್ಷಿ. “ಈ ಎಡಗೈ ಹ್ಞೂಂ ಅಂದಮ್ಯಾಲೇ ನನ್ ಬಲಗೈ ಸೈನ್ ಹಾಕೋದು.”

ಅದು 2014ರ ಜೂನ್. ಬ್ಯಾಂಕಿನವರು ನನ್ನನ್ನು ದಾವಣಗೆರೆಯಿಂದ ಎತ್ತಿ ವಿಶಾಖಪಟ್ಟಣದ ಗಾಜುವಾಕಕ್ಕೆ ಹಾಕಿದ್ದರು. ಗಂಡ, ಮಗ ಊರಲ್ಲೇ ಉಳಿದಿದ್ದರು. ನನಗೆ ತೆಲುಗು ಬರುತ್ತಿರಲಿಲ್ಲ, ಸಿಟ್ಟು ಮಾತ್ರ ಚೆನ್ನಾಗಿ ಬರುತ್ತಿತ್ತು. ಆ ಸಿಟ್ಟನ್ನು ಕನ್ನಡದಲ್ಲಿ ಕೇಳಿಸಿಕೊಳ್ಳಲು ಸಿಕ್ಕವಳು ದುವ್ವಾಡ ಸ್ಟೇಷನ್ನಿನ ಹತ್ತಿರ ಮಹಡಿ ಮನೆ ಬಾಡಿಗೆಗೆ ಕೊಟ್ಟ ಈ ಕಮಲಾಕ್ಷಿ ಒಬ್ಬಳೇ. ನನಗಿಂತ ಆರು ವರ್ಷ ದೊಡ್ಡವಳು. ತಾಯಿ ಹೊಸಪೇಟೆಯವರು, ತಂದೆ ಅನಕಾಪಲ್ಲಿಯವರು. ಅಡುಗೆಮನೆಯಲ್ಲಿ ತಾಯಿಯ ಕನ್ನಡ, ಅಂಗಳಕ್ಕಿಳಿದರೆ ತಂದೆಯ ತೆಲುಗು. ಗಂಡ ಸೂರ್ಯಪ್ರಕಾಶ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದರು. ಮಕ್ಕಳಾಗಲಿಲ್ಲ. ತೀರಿಹೋದ ಅಕ್ಕನ ಮಗಳು ಸಾಯಿಪ್ರಿಯಾಳನ್ನು ನಾಲ್ಕು ವರ್ಷದ ಕೂಸಾಗಿದ್ದಾಗಿನಿಂದ ಸಾಕಿ, ಓದಿಸಿ, ಹಿಂದಿನ ವರ್ಷವಷ್ಟೇ ವಿಜಯವಾಡಕ್ಕೆ ಮದುವೆ ಮಾಡಿ ಕೊಟ್ಟಿದ್ದಳು.

ದುವ್ವಾಡದ ರಫ್ತು ವಲಯದಲ್ಲಿ ಹೊರದೇಶಗಳಿಗೆ, ಸ್ವಲ್ಪ ಇಲ್ಲಿಯ ಅಂಗಡಿಗಳಿಗೂ, ಕ್ರೀಮು, ಪೌಡರು ಮಾಡಿ ಕಳಿಸುವ ಒಂದು ಕಾರ್ಖಾನೆಯಲ್ಲಿ ಅವಳ ಕೆಲಸ. ಹಚ್ಚಿ ನೋಡುವ ಕೆಲಸ. ಪ್ರತಿ ಬ್ಯಾಚನ್ನೂ ಮೊದಲು ಲ್ಯಾಬಿನ ಯಂತ್ರಗಳು ನೋಡುತ್ತಿದ್ದವು, ಆಮೇಲೆ ಕಮಲಾಕ್ಷಿ. ಕೈ ಮೇಲೆ ಒಂದು ಮನೆ ಎಳೆದು, ಬ್ಯಾಚಿನ ಕೊನೆಯ ಎರಡು ಅಂಕಿ ಬರೆದು, ಕಡಲೆಕಾಳಿನಷ್ಟು ಕ್ರೀಮು ಹಚ್ಚುವಳು. ಎಷ್ಟು ಹೊತ್ತಿಗೆ ಚರ್ಮಕ್ಕೆ ಇಳಿಯಿತು, ಜಿಗುಟಾಯಿತೇ, ಉರಿಯಿತೇ, ಕೆಂಪಾಯಿತೇ ಎಂದು ಮಾರನೆಯ ದಿನದವರೆಗೂ ನೋಡಿ ರಿಜಿಸ್ಟರಿಗೆ ಸಹಿ ಹಾಕುವಳು. ಅಲ್ಲಿಯವರೆಗೆ ಆ ಕೈಗೆ ನೀರು ಸೋಕಬಾರದು. ಸ್ನಾನಕ್ಕೆ ಹೋಗುವಾಗ ಬ್ರೆಡ್ಡಿನ ಪ್ಲಾಸ್ಟಿಕ್ ಕವರನ್ನು ಎಡಗೈಗೆ ಏರಿಸಿ ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತಿದ್ದಳು. ಹದಿನಾರು ವರ್ಷದಿಂದ ಹೀಗೇ.

ಅವಳ ಕೈಯ ಬಗ್ಗೆ ಕಾರ್ಖಾನೆಯಲ್ಲಿ ಗೌರವವಿತ್ತು. ಒಮ್ಮೆ ಲ್ಯಾಬು ಸರಿಯಿದೆ ಎಂದ ಬ್ಯಾಚನ್ನು ಇವಳು “ಮೇಣ ಜಾಸ್ತಿ ಆಗೇತಿ” ಎಂದು ತಡೆದಳಂತೆ; ಎರಡು ದಿನ ಪರೀಕ್ಷೆ ಮಾಡಿ ಲ್ಯಾಬಿನವರೂ ಅದನ್ನೇ ಹೇಳಿದರಂತೆ. ಈ ಕಥೆಯನ್ನು ನಾನು ಕಡಿಮೆಯೆಂದರೂ ಇಪ್ಪತ್ತು ಸಲ ಕೇಳಿದ್ದೇನೆ. ಪ್ರತಿ ಸಲವೂ ಮೇಣ ಸ್ವಲ್ಪ ಸ್ವಲ್ಪ ಹೆಚ್ಚಾಗುತ್ತಿತ್ತು.

ಆ ಕಾರ್ಖಾನೆಯ ಹೆಮ್ಮೆಯ ಮಾಲು ಒಂದು ಬಿಳಿ ಕ್ರೀಮು. ಹೆಂಗಸರು ಅದನ್ನು ಮುತ್ತಿನ ಕ್ರೀಮು ಅನ್ನುತ್ತಿದ್ದರು. ಹಚ್ಚಿದರೆ ರೇಷ್ಮೆ ಸವರಿದಂತೆ ಇರುತ್ತಿತ್ತು. ಮೇಲೆ ಒಂದು ಹನಿ ನೀರು ಬಿಟ್ಟರೆ ಒದ್ದೆಯಾಗುತ್ತಿರಲಿಲ್ಲ, ಮುತ್ತಾಗಿ ಉರುಳಿ ಬಿದ್ದುಹೋಗುತ್ತಿತ್ತು. ವಿಶಾಖಪಟ್ಟಣದ ಬೆವರಿನಲ್ಲಿ ಇದಕ್ಕಿಂತ ದೊಡ್ಡ ಪವಾಡ ಯಾವುದಿದೆ? ಬ್ಯಾಚು ಪಾಸಾದ ಮೇಲೆ ಮಿಕ್ಕ ಸ್ಯಾಂಪಲ್ ಟ್ಯೂಬುಗಳನ್ನು ಕೆಲಸದವರು ಮನೆಗೆ ತರುತ್ತಿದ್ದರು. ಕಮಲಾಕ್ಷಿ ಅವನ್ನು ವರ್ಷವಿಡೀ ಕೂಡಿಟ್ಟು, ಶ್ರಾವಣದ ವರಲಕ್ಷ್ಮಿ ಪೂಜೆಯ ದಿನ ಬಾಗಿನದಲ್ಲಿ ಇಡುತ್ತಿದ್ದಳು. ವೀಳ್ಯದೆಲೆ, ನೆನೆಸಿದ ಕಡಲೆ, ರವಿಕೆ ಖಣ, ಅರಿಸಿನ ಕುಂಕುಮ, ಜೊತೆಗೊಂದು ಮುತ್ತಿನ ಕ್ರೀಮು. ಬೀದಿಯ ಮುತ್ತೈದೆಯರು ಪೂಜೆಗೆ ಬರುತ್ತಿದ್ದರೋ ಟ್ಯೂಬಿಗೆ ಬರುತ್ತಿದ್ದರೋ ಲಕ್ಷ್ಮಿಗೇ ಗೊತ್ತು. ಬೇರೆಯವರನ್ನು ಆಡಿಕೊಳ್ಳುವ ನಾನೂ ಮೂರು ವರ್ಷ ಅದನ್ನೇ ಹಚ್ಚಿಕೊಂಡು ಬ್ಯಾಂಕಿಗೆ ಹೋದೆ.

“ಇದ್ರಾಗ ಏನೇನ್ ಹಾಕ್ತಾರೆ ಕಮಲಕ್ಕ?” ಎಂದು ಒಮ್ಮೆ ಕೇಳಿದ್ದೆ.

“ನಂಗೇನ್ ಗೊತ್ತ್ರಿ ವಿಜಯಾ ಮೇಡಂ? ಹಾಕೋರು ಬ್ಯಾರೆ. ನನ್ ಕೈಗೆ ಇಷ್ಟ್ ವರ್ಷ ಒಂದ್ ಗುಳ್ಳಿ ಎದ್ದಿಲ್ಲ. ಅದ್ಕಿಂತ ಸಾಕ್ಷಿ ಬೇಕೇನ್?”

ಬೇಡ ಅಂದುಕೊಂಡೆ ನಾನೂ.

2016ರಲ್ಲಿ ಸಾಯಿಪ್ರಿಯಾಳಿಗೆ ನಾಲ್ಕು ತಿಂಗಳಿಗೆ ಗರ್ಭ ಇಳಿಯಿತು. ಮರುವರ್ಷ ನನಗೆ ವಿಜಯವಾಡಕ್ಕೆ ವರ್ಗವಾಯಿತು. ಹೊರಡುವ ದಿನ ಅವಳು ನನ್ನ ಕೈ ಹಿಡಿದು, “ನನ್ ಮಗಳು ಅಲ್ಲೇ ಅದಾಳ. ಆಗಾಗ ಒಂದ್ ಕಣ್ಣು ಇಡ್ರಿ” ಅಂದಳು. ನಾನು ಇಟ್ಟೆ. ಗವರ್ನರ್‌ಪೇಟೆಯ ಸಗಟು ಅಂಗಡಿಗಳ ಸಾಲಿನಲ್ಲಿ, ಒಂದು ಫ್ಯಾನ್ಸಿ ಸಾಮಾನಿನ ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳ ಅತ್ತೆಮನೆ. ಅತ್ತೆ ಸೂರ್ಯಕಾಂತಮ್ಮನವರು ಕೊಡುಗೈಯವರು. ಆದರೆ ಬೆಕ್ಕು ಅಡ್ಡ ಬಂದರೆ ಆಟೋ ತಿರುಗಿಸುವವರು. ಮೊದಲ ಗರ್ಭ ಹೋದ ಮೇಲೆ ಶಕುನದ ಭಯ ಅವರಿಗೆ ಇಮ್ಮಡಿಯಾಗಿತ್ತು.

2018ರಲ್ಲಿ ಸಾಯಿಪ್ರಿಯಾ ಮತ್ತೆ ಬಸುರಿಯಾದಳು. ಈ ಸಲ ನಿಂತಿತು. ನವೆಂಬರಿನಲ್ಲಿ ಏಳನೆಯ ತಿಂಗಳ ಸೀಮಂತ. ತಾಯಿಯ ಸ್ಥಾನದಲ್ಲಿ ಉಡಿ ತುಂಬಲು ಕಮಲಾಕ್ಷಿ ಬಂದಳು. ಅಕ್ಕಿ, ಕೊಬ್ಬರಿ, ಉತ್ತತ್ತಿ, ಹಸಿರು ಬಳೆ, ಕೊನೆಗೆ ಹನ್ನೆರಡು ಟ್ಯೂಬು ಮುತ್ತಿನ ಕ್ರೀಮು. “ಹೊಟ್ಟಿಗೆ ಎರಡ್ಹೊತ್ತು ಹಚ್ಕೊ. ಗೆರಿ ಬೀಳಂಗಿಲ್ಲ,” ಎಂದು ಎಲ್ಲರ ಮುಂದೆ ಹೇಳಿದಳು. ಸಾಯಿಪ್ರಿಯಾಳ ಮುಂಗೈಗೆ ಸ್ವಲ್ಪ ಸವರಿ ಪನ್ನೀರಿನ ಹನಿ ಬಿಟ್ಟಳು. ಹನಿ ಉರುಳಿ ಬಳೆಗೆ ತಾಗಿ ನಿಂತಿತು. ಹೆಂಗಸರೆಲ್ಲ ಓಹೋ ಅಂದರು, ಸೂರ್ಯಕಾಂತಮ್ಮನವರೂ ಕೈ ಮುಂದೆ ಮಾಡಿದರು. ಕಮಲಾಕ್ಷಿಯನ್ನು ಅಷ್ಟು ಸಂತೋಷದಲ್ಲಿ ನಾನು ಕಂಡದ್ದು ಅದೇ ಕೊನೆ.

ಮೂರು ವಾರ ಕಳೆದಿರಬೇಕು. ಮಾರ್ಗಶಿರದ ಒಂದು ಗುರುವಾರ ಮಧ್ಯಾಹ್ನ, ನಾನು ಬ್ಯಾಂಕಿನಲ್ಲಿ ಊಟದ ಡಬ್ಬಿ ತೆರೆಯುವಾಗ ಅವಳ ಫೋನು.

“ಮೇಡಂ, ಫ್ಲೋರೋ ಅಂದ್ರ ಏನ್ರಿ?”

“ಹಲ್ಲುಜ್ಜೋ ಪೇಸ್ಟಲ್ಲಿರುತ್ತಲ್ಲ, ಅದು. ನಮ್ಮ ಕಡೆ ಬೋರ್‌ವೆಲ್ ನೀರಲ್ಲೂ ಇರುತ್ತೆ,” ಅಂದೆ, ಎಲ್ಲ ಬಲ್ಲವಳಂತೆ.

“ಅದಲ್ಲಂತ್ರಿ. ಇದು ದ್ವಾಸಿ ಅಂಟದ ತವಾ ಇರ್ತದಲ್ಲ, ಅದರ ಬಳಗದ್ದಂತ.”

ಆಮೇಲೆ ನಿಧಾನಕ್ಕೆ ಹೇಳಿದಳು. ಯುರೋಪಿನ ಕಡೆಯ ಖರೀದಿದಾರರಿಂದ ಕಾಗದ ಬಂದಿತ್ತು. ಹೆಸರಿನಲ್ಲಿ ‘ಫ್ಲೋರೋ’ ಇರುವ ಯಾವ ಪದಾರ್ಥವೂ ಇನ್ನು ಮುಂದೆ ತಮ್ಮ ಕ್ರೀಮಿನಲ್ಲಿ ಬೇಡ, ಇಲ್ಲವೆಂದು ಬರೆದು ಸಹಿ ಹಾಕಿ ಕಳಿಸಿ ಎಂದು. ನೀರು ಮುತ್ತಾಗಿ ಉರುಳುತ್ತಿದ್ದುದು ಆ ಪದಾರ್ಥದಿಂದಲೇ. ಕ್ವಾಲಿಟಿ ಮ್ಯಾನೇಜರ್ ಶೇಷಗಿರಿ, ಮೂವತ್ತು ದಾಟಿದ ಓದಿಕೊಂಡ ಹುಡುಗ, ಎಲ್ಲರನ್ನೂ ಕೂರಿಸಿ ತಿಳಿಸಿದನಂತೆ. ಈ ಬಳಗದ ರಾಸಾಯನಿಕಗಳು ಒಡೆದುಹೋಗುವುದಿಲ್ಲ, ಕೊಳೆಯುವುದಿಲ್ಲ; ತೊಳೆದರೆ ಚರಂಡಿಗೆ, ಅಲ್ಲಿಂದ ಕೆರೆಗೆ ಹೋಗಿ ಹಾಗೇ ಉಳಿಯುತ್ತವೆ. ಇವುಗಳಲ್ಲಿ ಕೆಲವು ಮನುಷ್ಯರ ರಕ್ತದಲ್ಲಿ ಸಿಕ್ಕಿವೆ, ತಾಯಿಯಿಂದ ಹೊಟ್ಟೆಯ ಕೂಸಿಗೂ ಹೋಗುತ್ತವೆ. ಕ್ರೀಮಿನಲ್ಲಿ ಹಾಕುವುದು ಚರ್ಮದ ಮೂಲಕ ಎಷ್ಟು ಒಳಗೆ ಇಳಿಯುತ್ತದೆ, ಅದರಿಂದ ಏನಾಗುತ್ತದೆ ಎನ್ನುವುದು ಇನ್ನೂ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಏನೂ ಆಗದೆಯೂ ಇರಬಹುದು. ಗೊತ್ತಾಗುವವರೆಗೆ ಕಾಯಲು ಅಲ್ಲಿನವರಿಗೆ ಮನಸ್ಸಿಲ್ಲ, ಅಷ್ಟೆ.

“ಇಲ್ಲಿ ಮಾರೋದು ಏನ್ ಸಾರ್ ಅಂತ ಕೇಳ್ದೆ,” ಅಂದಳು. “ಇಲ್ಲಿ ಯಾರೂ ಕೇಳಿಲ್ಲ, ಇಲ್ಲಿ ಕಾನೂನೂ ಇಲ್ಲ, ಇಲ್ಲೀದು ಹಂಗೇ ನಡೀತದ ಅಂದ. ಅಂದು, ನನ್ ಮಾರಿ ನೋಡ್ಲಿಲ್ಲ.”

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗಾದೆ ಹೇಳಲು ಬಾಯಿಗೆ ಬಂತು, ಸದ್ಯ ನುಂಗಿಕೊಂಡೆ.

“ಹೊಟ್ಟಿಗೆ ಹಚ್ಕೊ ಅಂದೀನಲ್ರೀ ಮೇಡಂ,” ಅಂದಳು.

ಆ ಸಂಜೆ ಕಮಲಾಕ್ಷಿ ಸಾಯಿಪ್ರಿಯಾಳಿಗೆ ಫೋನು ಮಾಡಿ, ತಾನು ಬರುವವರೆಗೂ ಹಚ್ಚಬೇಡ ಎಂದಷ್ಟೇ ಹೇಳಿದ್ದಳು. ಮಾರನೆಯ ದಿನ ರಜೆ ಹಾಕಿ, ಬೆಳಗಿನ ರೈಲು ಹತ್ತಿ ವಿಜಯವಾಡಕ್ಕೆ ಬಂದಳು. ನಾನು ಸ್ಟೇಷನ್ನಿಗೆ ಹೋದೆ. ಕೈಯಲ್ಲೊಂದು ಖಾಲಿ ಬಟ್ಟೆಚೀಲ ಬಿಟ್ಟರೆ ಬೇರೇನೂ ತಂದಿರಲಿಲ್ಲ. ಏನು ಮಾಡಲು ಬಂದಿದ್ದಾಳೆಂದು ಆ ಚೀಲ ನೋಡಿಯೇ ನನಗೆ ತಿಳಿದುಹೋಯಿತು. ಬಸುರಿಯ ಉಡಿಗೆ ಹಾಕಿದ್ದನ್ನು ಹಿಂದಕ್ಕೆ ಕೇಳುವವರುಂಟೇ? ಕೊಟ್ಟ ಬಾಗಿನ ಮರಳಿ ಪಡೆಯುವುದೇ ಅಪಚಾರ. ಉಡಿಯಿಂದ ತೆಗೆಯುವುದೆಂದರೆ ಬಾಯಿ ಬಿಟ್ಟು ಶಾಪ ಹಾಕಿದ ಹಾಗೆ. ನಾನು ಇದನ್ನೆಲ್ಲ ನಂಬುವವಳಲ್ಲ. ಆದರೂ ಇದನ್ನು ತಪ್ಪಿಸುವ ದಾರಿ ಹುಡುಕತೊಡಗಿದೆ.

ಆಟೋದಲ್ಲಿ ನಾನೊಂದು ಉಪಾಯ ಹೇಳಿದೆ. “ಹಳೇ ಬ್ಯಾಚು, ತಾರೀಖು ಮುಗಿದಿದೆ, ಬದಲಿಗೆ ಒಳ್ಳೇದು ತಂದಿದೀನಿ ಅನ್ನಿ. ಎರಡು ಬಾಟ್ಲು ಕೊಬ್ಬರಿ ಎಣ್ಣೆ ತಗೊಳ್ಳೋಣ. ಇದನ್ನ ಇಟ್ಟು ಅದನ್ನ ತೆಗೆದ್ರೆ ಉಡಿ ಬರಿದಾಗಲ್ಲ. ಅವರಿಗೂ ಬೇಜಾರಿಲ್ಲ, ನಿಮಗೂ ತೊಂದ್ರೆ ಇಲ್ಲ.”

ನನಗೆ ನನ್ನ ಜಾಣತನದ ಮೇಲೆ ಮೆಚ್ಚುಗೆಯೇ ಆಗಿತ್ತು. ಅವಳೂ ತಲೆಯಾಡಿಸಿದಳು. ಗವರ್ನರ್‌ಪೇಟೆಯಲ್ಲಿ ಇಳಿದು, ಸೂರ್ಯಕಾಂತಮ್ಮನವರ ಮನೆಯ ಕೆಳಗಿನ ಫ್ಯಾನ್ಸಿ ಅಂಗಡಿಗೇ ಎಣ್ಣೆ ಕೇಳಲು ಹೋದೆವು. ಗಲ್ಲಾದ ಪಕ್ಕದಲ್ಲಿ ಆಗತಾನೆ ಬಿಚ್ಚಿದ ಒಂದು ರಟ್ಟಿನ ಪೆಟ್ಟಿಗೆ. ಒಳಗೆ ಗುಲಾಬಿ ಬಣ್ಣದ ಟ್ಯೂಬುಗಳು, ನಾನು ಕೇಳರಿಯದ ಹೆಸರು. ಕಮಲಾಕ್ಷಿ ಒಂದನ್ನು ಎತ್ತಿ ಹಿಂದೆ ಮುಂದೆ ನೋಡಿದಳು. ಅಂಗಡಿಯವನು “ನೋಡಿ ಅಮ್ಮಾ” ಎಂದು ತೆರೆದಿಟ್ಟಿದ್ದ ಟ್ಯೂಬು ಕೊಟ್ಟ. ಅವಳು ಬಳೆ ಮೇಲೆ ಸರಿಸಿ ಎಡಗೈಗೆ ಕಡಲೆಕಾಳಿನಷ್ಟು ಹಚ್ಚಿ, ಕಣ್ಣು ಮುಚ್ಚಿ ಉಜ್ಜಿದಳು. ನನ್ನ ಬಾಟಲಿಯಿಂದ ಒಂದು ಹನಿ ನೀರು ಬಿಟ್ಟಳು. ಹನಿ ಉರುಳಿತು.

“ಇದು ನಮ್ದೇ,” ಅಂದಳು. “ಹೆಸರಷ್ಟೇ ಬ್ಯಾರೆ.”

ಕೊಬ್ಬರಿ ಎಣ್ಣೆಯ ಬಾಟಲಿ ನನ್ನ ಕೈಯಲ್ಲಿತ್ತು. ಅವಳು ಅದನ್ನು ಇಸಿದುಕೊಂಡು ಗಲ್ಲಾದ ಮೇಲಿಟ್ಟಳು.

“ಸುಳ್ಳು ಹೇಳಿ ಆ ಹನ್ನೆರಡು ಇಸ್ಕೊಂಡ್ ಹೋದ್ರ ಏನ್ ಬಂತ್ರಿ? ಚಲೋ ಕ್ರೀಮು ಅಂತ ನಾನೇ ರುಚಿ ಹಚ್ಚೀನಿ. ನಾಳಿ ಈ ಮೆಟ್ಲಿಳಿದು ಇದನ್ನೇ ತಗೊಂತಾಳ. ಖರೇನೇ ಹೇಳ್ಬೇಕು.”

ಮೆಟ್ಟಿಲು ಹತ್ತುವಾಗ ನಾನು ಹಿಂದೆ ಉಳಿದೆ. ಹೇಡಿತನ ಅನ್ನಿ.

ಸೂರ್ಯಕಾಂತಮ್ಮನವರು ಬಾಗಿಲಲ್ಲೇ ನಕ್ಕು ಸ್ವಾಗತಿಸಿದರು. ಅಲ್ಲಿ ಅವರಿಬ್ಬರೂ ಆಡಿದ್ದೆಲ್ಲ ತೆಲುಗು; ಅಷ್ಟು ಹೊತ್ತಿಗೆ ನನಗೂ ತಿಳಿಯುತ್ತಿತ್ತು, ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ. ಕಾಫಿ ಬಂತು. ಕಮಲಾಕ್ಷಿ ಮುಟ್ಟಲಿಲ್ಲ.

“ವದಿನಗಾರೂ,” ಅಂದಳು, ನಮ್ಮಲ್ಲಿ ಅತ್ತಿಗೆಯವರೇ ಅನ್ನುವ ಹಾಗೆ. “ನಾನು ಉಡಿಗೆ ಹಾಕಿದ ಕ್ರೀಮು ವಾಪಸ್ ಕೊಡಿ. ಅದರಲ್ಲಿ ಹಾಕಬಾರದ ಒಂದು ಔಷಧಿ ಇದೆ ಅಂತ ಈಗ ತಿಳೀತು. ಹೊರದೇಶದವರು ಬೇಡ ಅಂದಿದ್ದಾರೆ. ಕೆಳಗಿನ ಅಂಗಡಿಯಲ್ಲಿ ಮಾರೋದೂ ಅದೇ. ಅದನ್ನೂ ತಗೋಬೇಡಿ.”

ಸೂರ್ಯಕಾಂತಮ್ಮನವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಔಷಧಿಯ ಮಾತು ಅವರ ಕಿವಿಗೆ ಬೀಳಲೇ ಇಲ್ಲ. ವಾಪಸ್ ಎಂಬ ಮಾತು ಬಿತ್ತು.

“ಉಡಿ ತುಂಬಿದ ಕೈಯೇ ಉಡಿಗೆ ಕೈ ಹಾಕುತ್ತಾ?” ಎಂದು ಎದ್ದು ನಿಂತರು. “ಒಂದು ಹೋಗಿದೆ ಈ ಮನೇಲಿ. ಇದು ಏಳು ತಿಂಗಳು ದಾಟಿದೆ. ಹಾಳಾದರೆ ಎಸೆಯೋಣ, ನಾನೇ ಎಸೀತೀನಿ. ನೀನು ಮುಟ್ಟಬೇಡ.”

“ನೀವು ಎಸೆಯೋದಿಲ್ಲ ವದಿನಾ. ಲಕ್ಷ್ಮಿ ಪ್ರಸಾದ ಅಂತ ಬೀರುವಿನಲ್ಲಿ ಇಡ್ತೀರಿ. ನಿಮ್ಮನ್ನ ನಾನು ಬಲ್ಲೆ.”

“ನಿನ್ನ ಒಡಲಂತೂ ತುಂಬಲಿಲ್ಲ. ಇವಳದ್ದನ್ನೂ ಬರಿದು ಮಾಡೋಕೆ ಬಂದ್ಯಾ?”

ನನಗೆ ರೋಷ ಉಕ್ಕಿ ಬಂತು, ಆದರೆ ಕಮಲಾಕ್ಷಿ ನನ್ನ ಮೊಣಕೈ ಒತ್ತಿದಳು. ಒಳಕೋಣೆಯಿಂದ ಸಾಯಿಪ್ರಿಯಾ ತಾನೇ ಟ್ಯೂಬುಗಳನ್ನು ಸೆರಗಿನಲ್ಲಿ ಹಾಕಿಕೊಂಡು ಬಂದಳು. ಎಂಟು ತುಂಬಿದವು, ನಾಲ್ಕು ಹಿಂಡಿ ಮುಗಿಸಿದವು. ಖಾಲಿಯಾದವನ್ನೂ ಎಸೆದಿರಲಿಲ್ಲ, ಚಿಕ್ಕಮ್ಮ ಕೊಟ್ಟದ್ದೆಂದು. ಕಮಲಾಕ್ಷಿ ಅವನ್ನು ಒಂದೊಂದಾಗಿ ಚೀಲಕ್ಕೆ ಹಾಕಿದಳು. ಅತ್ತೆ ದೇವರ ಗೂಡಿನ ಕಡೆ ತಿರುಗಿ ನಿಂತುಬಿಟ್ಟರು.

“ಚಿಗವ್ವಾ, ನಿಜಂಗಾ?” ಅಂದಳು ಸಾಯಿಪ್ರಿಯಾ. ಅವಳ ಕನ್ನಡ ಮದುವೆಯ ಮೇಲೆ ಅರ್ಧಕ್ಕಿಳಿದಿತ್ತು. “ಮೂರು ವಾರ ಹಚ್ಕೊಂಡೀನಿ. ಕೂಸಿಗೆ ಏನಾಗ್ತದ?”

“ಗೊತ್ತಿಲ್ಲವ್ವ.”

“ಆ ಮೊದಲಿಂದಕ್ಕೂ ಹಚ್ಕೊಂತಿದ್ದೆ. ಅದು ಹೋದದ್ದು ಇದರಿಂದಾನಾ?”

ಹದಿನೆಂಟು, ಇಪ್ಪತ್ತು ವರ್ಷ ಎಲ್ಲದಕ್ಕೂ ತನ್ನ ಕೈ ತೋರಿಸಿ ಉತ್ತರ ಹೇಳಿದವಳು. ಆ ಕೈಯನ್ನು ಈಗ ಮಡಿಲಲ್ಲಿ ಮಗುಚಿಟ್ಟುಕೊಂಡು ಕೂತಿದ್ದಳು.

“ಗೊತ್ತಿಲ್ಲವ್ವ,” ಅಂದಳು ಇನ್ನೊಮ್ಮೆ. “ನನ್ ಕೈಗೆ ತಿಳೀಲಿಲ್ಲ.”

ಅವಳು ಹೊರಡುವಾಗ ಸೂರ್ಯಕಾಂತಮ್ಮನವರು ಇಷ್ಟೇ ಅಂದರು: ಹೆರಿಗೆಗೂ ಬರಬೇಡ, ತೊಟ್ಟಿಲಿಗೂ ಬರಬೇಡ. ತವರಿಗೆ ಕರೆದೊಯ್ಯುವ ಮಾತಂತೂ ಎತ್ತಲೇಬೇಡ.

ಆ ಮೊದಲ ಗರ್ಭದ ಬಗ್ಗೆ ನಾನು ಆಮೇಲೆ ಪರಿಚಯದ ಒಬ್ಬ ಡಾಕ್ಟರಮ್ಮನನ್ನು ಕೇಳಿದೆ. ಗರ್ಭ ಇಳಿಯಲು ನೂರು ಕಾರಣ, ಎಷ್ಟೋ ಸಲ ಯಾವ ಕಾರಣವೂ ಸಿಗುವುದಿಲ್ಲ, ಕ್ರೀಮಿನ ತಲೆಗೆ ಕಟ್ಟಬೇಡಿ ಎಂದರು. ಹಾಗಾದರೆ ಬಸುರಿಯರು ಹಚ್ಚಬಹುದೇ ಎಂದೆ. ನನ್ನ ಮಗಳಿಗಾದರೆ ಹಚ್ಚಲು ಬಿಡುವುದಿಲ್ಲ ಎಂದರು. ಎರಡನ್ನೂ ಕಮಲಾಕ್ಷಿಗೆ ಫೋನಿನಲ್ಲಿ ಹೇಳಿದೆ. ಎರಡನೆಯದನ್ನು ಮಾತ್ರ ಅವಳು ನೆನಪಿಟ್ಟುಕೊಂಡಳು.

ಊರಿಗೆ ಮರಳಿದವಳು ಸುಮ್ಮನಿರಲಿಲ್ಲ. ಪ್ರತಿ ಶ್ರಾವಣ ಬಾಗಿನ ಕೊಟ್ಟ ಮನೆಗಳಿಗೆಲ್ಲ ಅದೇ ಬಟ್ಟೆಚೀಲ ಹಿಡಿದು ಹೋದಳು. ಕೆಲವರು ಕೊಟ್ಟರು. ಕೆಲವರು ನಕ್ಕರು. ಒಬ್ಬಾಕೆ ಟ್ಯೂಬಿನ ಜೊತೆ ರವಿಕೆ ಖಣವನ್ನೂ ಚೀಲಕ್ಕೆ ತುರುಕಿ, ಇದನ್ನೂ ತಗೊಂಡು ಹೋಗು ಎಂದಳಂತೆ. ಮರುವರ್ಷದ ಪೂಜೆಗೆ ಯಾರೂ ಕರೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಕಾರ್ಖಾನೆಯಲ್ಲಿ ಹೊರದೇಶದ ಕ್ರೀಮಿನಿಂದ ಆ ಪದಾರ್ಥ ತೆಗೆದರು. ಆ ಹೊಸ ಕ್ರೀಮನ್ನು ಹಚ್ಚಿ ನೋಡಿ ಸಹಿ ಹಾಕಿದಳು. ಇಲ್ಲಿಯ ಗುಲಾಬಿ ಟ್ಯೂಬಿನ ಬ್ಯಾಚು ಬಂದಾಗ ತೋಳನ್ನು ಚಾಚಲಿಲ್ಲ. ಶೇಷಗಿರಿ ಬೈಯಲಿಲ್ಲ, ಒತ್ತಾಯವನ್ನೂ ಮಾಡಲಿಲ್ಲ. ಮುಂದಿನ ವಾರ ಅವಳನ್ನು ಲೇಬಲ್ ಅಂಟಿಸುವ ಕಡೆಗೆ ಹಾಕಿದರು. ಆ ಜಾಗಕ್ಕೆ ಇನ್ನೊಬ್ಬಳ ಕೈ ಬಂತು.

ಸಾಯಿಪ್ರಿಯಾಳಿಗೆ 2019ರ ಜನವರಿ ಕೊನೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಗುಂಡುಗುಂಡಗೆ, ಗಟ್ಟಿ ದನಿಯ ಕೂಸು. ತೊಟ್ಟಿಲಿಗೆ ನನ್ನನ್ನು ಕರೆದರು, ಕಮಲಾಕ್ಷಿಯನ್ನು ಕರೆಯಲಿಲ್ಲ. ನಾನು ಫೋನಿನಲ್ಲಿ ಫೋಟೋ ಕಳಿಸಿದೆ. ಚರ್ಮ ಹೇಗಿದೆ, ಒಣಗಿದೆಯೇ, ಗುಳ್ಳೆ ಇದೆಯೇ ಎಂದು ನಾಲ್ಕು ಸಲ ಕೇಳಿದಳು.

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಸಾಯಿಪ್ರಿಯಾ ಮಗುವನ್ನು ಎತ್ತಿಕೊಂಡು ನನ್ನ ಮನೆಗೆ ಬಂದಳು. ಕೂಸಿಗೆ ಲಸಿಕೆ ಹಾಕಿಸಲು ಹೋಗುತ್ತೇನೆ ಎಂದು ಅತ್ತೆಗೆ ಹೇಳಿ ಬಂದಿದ್ದಳು. ಲಸಿಕೆ ಹಾಕಿಸಿಯೂ ಇದ್ದಳು. ಕಮಲಾಕ್ಷಿ ಹಿಂದಿನ ದಿನವೇ ಬಂದು ನನ್ನ ಅಡುಗೆಮನೆಯಲ್ಲಿ ಕೂತಿದ್ದಳು, ಬೆಳಗಿನಿಂದ ಕೈ ತೊಳೆದದ್ದೇ ತೊಳೆದದ್ದು. ಕಡಲೆಹಿಟ್ಟಿನಲ್ಲಿ ಒಮ್ಮೆ, ಸೀಗೆಪುಡಿಯಲ್ಲಿ ಒಮ್ಮೆ. ಪೆನ್ನಿನ ಗೆರೆಗಳು ಅಳಿಸಿಹೋಗಿ ಐದು ತಿಂಗಳಾಗಿತ್ತು.

“ತಗೋ ಚಿಗವ್ವಾ,” ಎಂದು ಸಾಯಿಪ್ರಿಯಾ ಕೂಸನ್ನು ಮುಂದೆ ಮಾಡಿದಳು.

ಕೂಸನ್ನು ಎಲ್ಲರೂ ಎಡತೋಳಿನ ಮೇಲೇ ಮಲಗಿಸಿಕೊಳ್ಳುವುದು. ಕಮಲಾಕ್ಷಿ ಎಡಗೈ ಎತ್ತಿದಳು, ಮತ್ತೆ ಇಳಿಸಿದಳು. ಬಲಗೈ ಚಾಚಿದಳು, ಅದು ಸರಿಹೋಗಲಿಲ್ಲ. ಆಮೇಲೆ ತನ್ನ ಹಳೆಯ ನೂಲಿನ ಸೀರೆಯ ಸೆರಗನ್ನು ಎಳೆದು, ಮಣಿಕಟ್ಟಿನಿಂದ ಮೊಣಕೈವರೆಗೆ ಎಡಗೈಗೆ ಸುತ್ತಿದಳು. ಒಂದು ಸುತ್ತು, ಎರಡು, ಮೂರು. ಚರ್ಮ ಎಲ್ಲೂ ಕಾಣದ ಹಾಗೆ.

“ಸೆಕೆಗೆ ಯಾಕ್ ಚಿಗವ್ವಾ ಅಷ್ಟು ಬಟ್ಟೆ?” ಅಂದಳು ಸಾಯಿಪ್ರಿಯಾ. ಅಂದವಳಿಗೇ ಕಾರಣ ಹೊಳೆಯಿತು, ಮುಖ ಆಚೆ ತಿರುಗಿಸಿದಳು. ನಾನು ತಿರುಗಿಸಲಿಲ್ಲ. ಅಳು ಬಂತು, ಅತ್ತುಬಿಟ್ಟೆ.

“ಈಗ ಕೊಡವ್ವ,” ಅಂದಳು ಕಮಲಾಕ್ಷಿ.

ಕೂಸು ಆ ಸುತ್ತಿದ ಸೆರಗಿನ ಮೇಲೆ ಕೆನ್ನೆಯಿಟ್ಟು ಮಲಗಿತು. ಮೇ ತಿಂಗಳ ವಿಜಯವಾಡ, ಕರೆಂಟೂ ಹೋಗಿತ್ತು. ಅವಳ ಹಣೆಯಿಂದ ಬೆವರು ಇಳಿಯುತ್ತಿತ್ತು. ನಾನು ಬೀಸಣಿಗೆ ಹಿಡಿದೆ. ಕೂಸು ಎದ್ದು ಹಾಲಿಗೆ ಅಳುವವರೆಗೂ ಅವಳು ಕೈ ಬದಲಿಸಲಿಲ್ಲ.